ಅಮೆರಿಕಕ್ಕ ಮತ್ತ ಬರ್ತೈತಂತ

ಅಂಕಲ್ ತಮ್ಮ ಗಾಡಿಯಿಂದ ಹಿಮ್ಮುಖವಾಗಿ ಇಳಿಯುತ್ತಿದ್ದರು, ಅಟ್ಟದ ಏಣಿಯಿಂದ ಇಳಿಯುವವರ ಹಾಗೆ. ಬಾಗಿಲ ಪಕ್ಕದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲನ್ನು ಗಾಳಿಯಲ್ಲಿ ಆಡಿಸುತ್ತ ನೆಲ ಎಲ್ಲಿದೆ ಎಂದು ಹುಡುಕುತ್ತಿದ್ದರು. ಬೂಟಿನ ತುದಿಗೆ ನೆಲ ತಾಗಿದ ಮೇಲೆ "ಹಾಂ" ಎಂದು ಇನ್ನೊಂದು ಕಾಲನ್ನೂ ಇಳಿಸುತ್ತಿದ್ದರು. ಗಾಡಿ ಅಷ್ಟು ಎತ್ತರ, ಅಂಕಲ್ ಅಷ್ಟು ಗಿಡ್ಡ. ಮುಂದಿನ ರಸ್ತೆ ಕಾಣಲಿ ಎಂದು ಸೀಟಿನ ಮೇಲೆ ಒಂದು ದಿಂಬು ಬೇರೆ. ಬೆಟ್ಟ ಹತ್ತಲು, ಹೊಳೆ ದಾಟಲು, ಮರಳಿನಲ್ಲಿ ನುಗ್ಗಲು ಎಂದೇ ಮಾಡಿದ, ಬೆನ್ನಿಗೆ ಸ್ಟೆಪ್ನಿ ಕಟ್ಟಿಕೊಂಡ ಆ ಚೌಕು ಮೋರೆಯ ಗಾಡಿ ನಾನು ಕಂಡಂತೆ ಹೋದದ್ದು ವಾರವೆಲ್ಲ ಆಸ್ಪತ್ರೆಗೆ, ಶನಿವಾರ ನ್ಯೂ ಲಿನ್ನಿನ ತರಕಾರಿ ಅಂಗಡಿಗೆ, ಭಾನುವಾರ ಚರ್ಚಿಗೆ. ಸಮುದ್ರದ ಮರಳಿನ ಮೇಲೆ ಒಮ್ಮೆ ಓಡಿಸಿ ಎಂದು ಅವರ ಹೆಂಡತಿ, ಆಂಟಿ, ಪ್ರತಿ ಬೇಸಿಗೆಯಲ್ಲೂ ಕೇಳುತ್ತಿದ್ದರು. ಉಪ್ಪುನೀರು ತಾಗಿದರೆ ತುಕ್ಕು ಹಿಡಿಯುತ್ತದೆ ಎಂಬುದು ಪ್ರತಿ ಬೇಸಿಗೆಯ ಉತ್ತರ.

ಅವರು ನನಗೆ ಅಂಕಲ್ ಏನೂ ಅಲ್ಲ. ಈ ಪರದೇಶದಲ್ಲಿ, ಕನ್ನಡದವರ ನಡುವೆ, ನಮಗಿಂತ ಹಿರಿಯರೆಲ್ಲ ಅಂಕಲ್, ಆಂಟಿ. ಗದಗದ ಕಡೆಯವರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ನಾನು ಮೈಸೂರಿನವಳು, ಅದೇ ಆಸ್ಪತ್ರೆಯಲ್ಲಿ ಫಿಸಿಯೋ. ನನ್ನ ಗಂಡನ ಕೆಲಸ ಬಾಟನಿ ಡೌನ್ಸಿನಲ್ಲಿ, ಊರಿನ ಆ ತುದಿ. ಇದ್ದ ಒಂದೇ ಕಾರು ಬೆಳಗಾಗುತ್ತಲೇ ಅವನ ಜೊತೆ ಹೋಗುತ್ತಿತ್ತು. ನಾವಿದ್ದ ಹೆಂಡರ್ಸನ್ನಿನ ಬಸ್ ಸ್ಟಾಪಿನಲ್ಲಿ ಚಳಿಗೆ ಮುದುಡಿ ನಿಂತಿದ್ದ ನನ್ನ ಮುಂದೆ ಒಂದು ದಿನ ಈ ಗಾಡಿ ಬಂದು ನಿಂತಿತು. ಕಿಟಕಿ ಇಳಿಸಿ, ಆಸ್ಪತ್ರೆಯವಳಲ್ಲವೇ, ಹತ್ತು ಎಂದರು. ಹತ್ತಿದೆ. ಅಂದು ಹತ್ತಿದವಳು ಅವರು ಹೋಗುವ ತನಕ ಇಳಿಯಲಿಲ್ಲ ಎನ್ನಬೇಕು.

ಹತ್ತಿದ ಮೊದಲ ದಿನವೇ ಎಂಜಿನ್ ಶುರುವಾಗುತ್ತಿದ್ದಂತೆ ಒಬ್ಬ ಹೆಂಗಸು ಮಾತಾಡಿದಳು. ಬೆಚ್ಚಿಬಿದ್ದೆ. ಗಾಡಿ ಜಪಾನಿನಲ್ಲಿ ಓಡಿ ಹಳತಾಗಿ ಇಲ್ಲಿಗೆ ಬಂದದ್ದು. ಅದರೊಳಗಿನ ಯಾವುದೋ ಪೆಟ್ಟಿಗೆ ಕೀಲಿ ತಿರುಗಿಸಿದಾಗಲೆಲ್ಲ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿತ್ತು. ಏನು ಹೇಳುತ್ತಾಳೆಂದು ಅಂಕಲ್‌ಗೂ ಗೊತ್ತಿರಲಿಲ್ಲ. ಆದರೂ ದಿನಾ ಅವಳಿಗೆ "ಹೂಂನವಾ, ಆತು" ಎಂದು ಉತ್ತರ ಕೊಟ್ಟೇ ಗೇರ್ ಹಾಕುತ್ತಿದ್ದರು. ಮೋಟರ್‌ವೇಗೆ ಸೇರಿಕೊಳ್ಳುವಾಗ ಮಾತ್ರ ಅವರಿಗೆ ಸ್ವಲ್ಪ ಪುಕ್ಕಲು. ಎಕ್ಸ್‌ರೇ ಮೇಜಿನ ಮೇಲೆ ಮಲಗಿದವರಿಗೆ ಹೇಳುವ ಹಾಗೆ ತಮಗೆ ತಾವೇ, "ಉಸಿರು ತಗೊ, ಹಿಡಿ" ಎನ್ನುವರು. ಲಾರಿಗಳ ನಡುವೆ ಜಾಗ ಸಿಕ್ಕ ಮೇಲೆ "ಬಿಡು" ಎನ್ನುವರು. ನಾನೂ ಬಿಡುತ್ತಿದ್ದೆ, ರೂಢಿಯಾಗಿಬಿಟ್ಟಿತ್ತು.

ಆಮೇಲೆ ಮಾತು. ಅಂಕಲ್‌ಗೆ ಇದ್ದದ್ದು ಒಂದೇ ಮಾತು. ಅವರ ಗಾಡಿಯ ಜಾತಿಯದನ್ನು ಕಂಪನಿಯವರು ಅಮೆರಿಕದಲ್ಲಿ ಮಾರುವುದನ್ನು ಎಂದೋ ನಿಲ್ಲಿಸಿದ್ದರು. ಅದು ಅಲ್ಲಿಗೆ ಮತ್ತೆ ಬರುತ್ತದೆಯೇ, ಇಲ್ಲವೇ? ಇದಿಷ್ಟೇ. ಅವರು ಅಮೆರಿಕ ನೋಡಿದವರಲ್ಲ, ಅಲ್ಲಿ ಅವರಿಗೆ ನಂಟರಿಲ್ಲ, ಹೋಗುವ ಆಸೆಯೂ ಇಲ್ಲ. ಯಾಕಂಕಲ್ ನಿಮಗೆ ಊರ ಉಸಾಬರಿ ಎಂದು ಕೇಳಿದ್ದಕ್ಕೆ, ಅಮೆರಿಕದವರು ಕೊಂಡರೆ ಫ್ಯಾಕ್ಟರಿ ನಿಲ್ಲುವುದಿಲ್ಲ, ಫ್ಯಾಕ್ಟರಿ ನಿಲ್ಲದಿದ್ದರೆ ತಮ್ಮ ಗಾಡಿಗೆ ಪಾರ್ಟು ಸಿಗುತ್ತಿರುತ್ತವೆ ಎಂದು ಲೆಕ್ಕ ಹೇಳಿದರು. ಇಡೀ ಅಮೆರಿಕ ದೇಶ ಇವರ ಗಾಡಿಯ ಪಾರ್ಟಿಗೋಸ್ಕರ ದುಡ್ಡು ಬಿಚ್ಚಬೇಕು. ನಗದೆ ಏನು ಮಾಡಲಿ?

ಊಟದ ಹೊತ್ತಿನಲ್ಲಿ ಫೋನು ಹಿಡಿದು ಅದೇ ಸುದ್ದಿ ಹುಡುಕುತ್ತಿದ್ದರು. ಯಾರೋ ಡೀಲರು ಹೇಳಿದನಂತೆ, ಯಾರೋ ದೊಡ್ಡ ಅಧಿಕಾರಿ ಇಲ್ಲ ಎನ್ನಲಿಲ್ಲವಂತೆ. ಮೈತುಂಬ ಕಪ್ಪು ಬಿಳಿ ಸ್ಟಿಕರ್ ಅಂಟಿಸಿ ಗುರುತು ಮರೆಸಿ ಪರೀಕ್ಷೆಗೆ ಓಡಿಸುವ ಯಾವುದೋ ಹೊಸ ಗಾಡಿಯ ಫೋಟೋ ಸಿಕ್ಕರಂತೂ ಅವತ್ತು ಹಬ್ಬ. ಫೋನನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವರು. ಹಿಂದಿನ ಕಾಲದಲ್ಲಿ ಎಕ್ಸ್‌ರೇ ಫಿಲಮನ್ನು ಹಾಗೆ ಹಿಡಿದು ನೋಡುತ್ತಿದ್ದ ಅಭ್ಯಾಸ. ಸ್ಟಿಕರಿನ ಒಳಗೆ ಯಾವ ಮೂಳೆ ಇದೆ ಎಂದು ಹುಡುಕಿ, ಕೊನೆಗೆ ಬೇಸರದಿಂದ "ಇದು ಅದಲ್ಲ" ಎಂದು ತೀರ್ಪು ಕೊಡುವರು. ಮಾರನೆಯ ಬೆಳಿಗ್ಗೆ ಮತ್ತೆ ಹೊಸದಾಗಿ ಶುರು: "ಕೇಳಿಲ್ಲೇನವಾ? ಅಮೆರಿಕಕ್ಕ ಮತ್ತ ಬರ್ತೈತಂತ."

ನಿಜ ಹೇಳುತ್ತೇನೆ, ತಲೆ ಚಿಟ್ಟು ಹಿಡಿಯುತ್ತಿತ್ತು. ಬಿಟ್ಟಿ ಸವಾರಿಗೆ ತೆರಬೇಕಾದ ಸುಂಕ ಎಂದುಕೊಂಡು ಹೂಂಗುಡುತ್ತಿದ್ದೆ.

ಹೀಗಿರುವಾಗ ನನ್ನ ಮಗು ಆರನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತು.

ಅದರ ಬಗ್ಗೆ ಹೆಚ್ಚು ಬರೆಯಲಾರೆ. ದುಃಖವಾಗುತ್ತದೆ ಎಂದಲ್ಲ. ಆಗ ನನಗೆ ಏನೂ ಆಗಲಿಲ್ಲ, ಅದೇ ತೊಂದರೆ. ಹಲ್ಲು ಕೀಳುವ ಮುಂಚೆ ಮರಗಟ್ಟಿಸಿದ ದವಡೆಯಂತೆ ಇಡೀ ಮೈ ಇತ್ತು. ಮನೆಗೆ ಬಂದೆ, ಸ್ನಾನ ಮಾಡಿದೆ, ಒಣಗಿದ ಬಟ್ಟೆ ಮಡಚಿಟ್ಟೆ. ಗಂಡ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದ. ಪಾಪ ಅನ್ನಿಸಿತು, ಯಾರನ್ನೋ ನೋಡಿ ಅನ್ನಿಸುವ ಹಾಗೆ.

ಆಮೇಲೆ ಜನ ಬಂದರು. ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ನಮ್ಮ ಪದ್ಧತಿ. ದೇಶ ಬಿಟ್ಟರೂ ಅದನ್ನು ಬಿಟ್ಟಿಲ್ಲ. ಬಂದವರೆಲ್ಲ ಒಳ್ಳೆಯವರು. ಬಿಸಿ ಡಬ್ಬಿಗಳಲ್ಲಿ ಸಾರು, ಪಲ್ಯ ತಂದರು. ಕೂತರು. ಹೇಗಾಯಿತು, ಯಾವಾಗ ಗೊತ್ತಾಯಿತು, ಡಾಕ್ಟರು ಏನಂದರು ಎಂದು ಕೇಳಿದರು. ನಾನು ಮೊದಲಿಂದ ಹೇಳುತ್ತಿದ್ದೆ. ಮುಗಿಯುವಷ್ಟರಲ್ಲಿ ಬೆಲ್ಲು, ಇನ್ನೊಬ್ಬರು. ಮತ್ತೆ ಮೊದಲಿಂದ. ವಯಸ್ಸಿದೆ, ಇನ್ನೊಂದಾಗುತ್ತೆ ಬಿಡು ಎಂದು ಒಬ್ಬರು. ಅತ್ತುಬಿಡು, ಹಗುರಾಗುತ್ತೆ ಎಂದು ಇನ್ನೊಬ್ಬರು. ಬಾಯಿ ಅಲ್ಲಾಡುವುದು ಕಾಣುತ್ತಿತ್ತು. ಮಾತು ಒಳಗೆ ಇಳಿಯುತ್ತಿರಲಿಲ್ಲ.

ಅಂಥದ್ದೊಂದು ಮಧ್ಯಾಹ್ನ ಅಂಕಲ್ ಮತ್ತು ಆಂಟಿ ಬಂದರು. ಆಂಟಿ ಮಂಡಕ್ಕಿ ಸುಸಲದ ಡಬ್ಬಿ ಮೇಜಿನ ಮೇಲಿಟ್ಟು, ನನ್ನ ತಲೆ ಸವರಿದರು. ಅಂಕಲ್ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. ಕೋಣೆ ತುಂಬ ಜನ. ಗಂಟಲು ಸರಿಮಾಡಿಕೊಂಡರು. ಬೈಬಲ್ಲಿನದೇನಾದರೂ ಹೇಳುತ್ತಾರೆ ಎಂದು ಎಲ್ಲರೂ ಸುಮ್ಮನಾದರು.

"ನಿನ್ನೆ ಓದಿದ್ನಿ. ಅಮೆರಿಕಕ್ಕ ಮತ್ತ ಬರ್ತೈತಂತ ನೋಡವಾ" ಎಂದರು.

ಯಾರೋ ಕೆಮ್ಮಿದರು. ನನ್ನ ಗಂಡನ ಮುಖ ಕೆಂಪಾಯಿತು. ಅಂಕಲ್ ಯಾರನ್ನೂ ನೋಡಲಿಲ್ಲ. ಈ ಸಲ ಹೆಡ್‌ಲೈಟು ಗುಂಡಗೋ ಚೌಕವೋ ಎಂಬ ಜಗಳವಿದೆಯೆಂದೂ, ಡೀಸೆಲ್ ಎಂಜಿನ್ ಕೊಡುವುದಿಲ್ಲವೆಂಬ ಗುಮಾನಿಯಿದೆಯೆಂದೂ, ಅಮೆರಿಕದವರಿಗೆ ಲೋಟ ಇಡಲು ಹತ್ತು ತೂತು ಬೇಕೆಂದೂ ದಿನಾ ಹೇಳುವ ದನಿಯಲ್ಲೇ ಹೇಳುತ್ತ ಹೋದರು. ಚಹಾ ಕುಡಿದರು, ಎದ್ದು ಹೋದರು. ಮುದುಕನಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಹಿಂದೆಯೇ ಮಾತು ಎದ್ದಿತು. ನನಗೂ ಸಿಟ್ಟು ಬಂದಿತ್ತು. ಸಿಟ್ಟು ಬಂದಿದೆ ಎಂದು ತಿಳಿದು ನನಗೇ ಆಶ್ಚರ್ಯವಾಯಿತು. ಅಷ್ಟು ದಿನಗಳಲ್ಲಿ ನನಗೆ ಬಂದದ್ದು ಅದೊಂದೇ. ರಾತ್ರಿ ಮಲಗಿದಾಗ ನೆನಪಿಗೆ ಬಂದದ್ದೂ ಅದೊಂದೇ ಮಾತು: ಹೆಡ್‌ಲೈಟು ಗುಂಡಗೋ, ಚೌಕವೋ.

ಕೆಲಸಕ್ಕೆ ಮರಳಿದ ಬೆಳಿಗ್ಗೆ ಗೇಟಿನ ಮುಂದೆ ಗಾಡಿ ನಿಂತಿತ್ತು. ಹತ್ತಿದೆ. ಜಪಾನಿ ಹೆಂಗಸು ಹೇಳುವುದನ್ನು ಹೇಳಿದಳು, ಅಂಕಲ್ ಹೂಂ ಎಂದರು. ಹೇಗಿದ್ದೀ ಎಂದು ಕೇಳಲಿಲ್ಲ. ಹೇಗಿದ್ದೀ ಎಂದು ಯಾರೂ ಕೇಳದ ಜಾಗ ಇಡೀ ಊರಿನಲ್ಲಿ ಅದೊಂದೇ ಉಳಿದಿತ್ತು. ಮೋಟರ್‌ವೇಗೆ ಸೇರುವಾಗ ಎಂದಿನಂತೆ ಉಸಿರು ತಗೊ, ಹಿಡಿ ಎಂದರು. ಸೇರಿಕೊಂಡೆವು. ಬಿಡು ಎಂದರು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗದೆಯೇ ಇನ್ನೊಮ್ಮೆ ಹೇಳಿದರು: "ಬಿಡವಾ. ಇನ್ನೂ ಹಿಡ್ಕೊಂಡಿ ನೀ."

ಬಿಟ್ಟೆ. ಅಳು ಅಲ್ಲೇ ಬಂತು. ಅಂಕಲ್ ಗಾಡಿ ನಿಲ್ಲಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆಸ್ಪತ್ರೆ ಬರುವವರೆಗೂ ಅಮೆರಿಕದವರ ಹಟದ ಬಗ್ಗೆ ಮಾತಾಡುತ್ತಲೇ ಇದ್ದರು, ನನ್ನ ಅಳು ಯಾರಿಗೂ ಕೇಳದಿರಲಿ ಎಂಬಂತೆ.

ಅವತ್ತು ಮನೆಗೆ ಬಂದು ಹಾಗೆ ಯಾಕೆ ಮಾಡಿದಿರಿ ಎಂದು ಎಷ್ಟೋ ತಿಂಗಳ ಮೇಲೆ ಕೇಳಿದೆ. ಗದಗದಲ್ಲಿದ್ದಾಗ ಅವರ ಮೊದಲ ಮಗಳು ಜ್ವರದಲ್ಲಿ ಹೋಗಿದ್ದಳಂತೆ, ನಡೆಯಲು ಕಲಿತ ವರ್ಷ. ಓಣಿಯ ಜನವೆಲ್ಲ ಬಂದು ಕೇಳಿದ್ದನ್ನೇ ಕೇಳಿದರಂತೆ. ಪಕ್ಕದ ಮನೆಯ ಬಸ್ ಡ್ರೈವರ್ ಒಬ್ಬ ಮಾತ್ರ ಬಂದು ಕೂತು, ತನ್ನ ಬಸ್ಸಿನ ಕ್ಲಚ್ ಪ್ಲೇಟ್ ಹೇಗೆ ಹೋಯಿತೆಂದು ಹೇಳಿ ಎದ್ದು ಹೋದನಂತೆ.

"ಕ್ಲಚ್ ಪ್ಲೇಟ್ ಅಂದ್ರ ಏನಂತ ನನಗ ಗೊತ್ತಿರ್ಲಿಲ್ಲ. ಆದ್ರ ಅವನ ಮಾತಷ್ಟ ಕಿವಿಗೆ ಬಿತ್ತು" ಎಂದರು. ಆಮೇಲೆ, "ನಿಮ್ಮ ಆಂಟಿಗೂ" ಎಂದರು.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಮನೆಯಲ್ಲಿ, ಬೂಟಿನ ಲೇಸು ಕಟ್ಟಲು ಬಗ್ಗಿದವರು ಮೇಲೇಳಲಿಲ್ಲ. ಅವತ್ತು ಗಾಡಿ ಬರಲಿಲ್ಲವೆಂದು ನಾನು ಬಸ್ಸಿನಲ್ಲಿ ಹೋಗಿದ್ದೆ. ಸುದ್ದಿ ಬಂದಾಗ ಸೊಂಟದ ಆಪರೇಷನ್ ಆದ ಒಬ್ಬ ಅಜ್ಜನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಅವನನ್ನು ಬಾಗಿಲವರೆಗೆ ನಡೆಸಿದೆ, ಮತ್ತೆ ಮಂಚಕ್ಕೆ ತಂದು ಮಲಗಿಸಿದೆ, ಚೆನ್ನಾಗಿ ನಡೆದಿರಿ ಎಂದೆ. ಮೈ ಮತ್ತೆ ಮರಗಟ್ಟಿತ್ತು. ಮಣ್ಣು ಮಾಡುವ ದಿನ ಚರ್ಚಿನಲ್ಲಿ ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ.

ಮರುದಿನ ಅವರ ಮನೆಗೆ ಹೋದೆ. ಡ್ರೈವ್‌ವೇಯಲ್ಲಿ ಗಾಡಿ ನಿಂತಿತ್ತು, ದಿಂಬು ಸೀಟಿನ ಮೇಲೇ ಇತ್ತು. ಒಳಗೆ ಜನವೋ ಜನ. ಸಾವಾದಂದಿನಿಂದ ಅಮ್ಮ ಒಂದು ಮಾತೂ ಆಡಿಲ್ಲ, ಒಂದು ತೊಟ್ಟು ಚಹಾ ಕುಡಿದಿಲ್ಲ ಎಂದು ಅವರ ಮಗ ಬಾಗಿಲಲ್ಲೇ ಇಂಗ್ಲಿಷಿನಲ್ಲಿ ಹೇಳಿದ. ಇಲ್ಲೇ ಹುಟ್ಟಿದವನು, ಅವನಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಅವನ ಕಣ್ಣಲ್ಲಿ ಹೆದರಿಕೆಯಿತ್ತು. ಆಂಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಒಬ್ಬರಾದ ಮೇಲೆ ಒಬ್ಬರು ಬಗ್ಗಿ ಏನೇನೋ ಹೇಳುತ್ತಿದ್ದರು. ಪುಣ್ಯವಂತರು, ನರಳಲಿಲ್ಲ, ಅತ್ತುಬಿಡ್ರಿ. ಆ ಮುಖ ನನಗೆ ಗೊತ್ತಿತ್ತು. ಅದು ನನ್ನದೇ ಮುಖ.

ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ. ಕಟ್ಟಿಕೊಂಡ ಗಂಡ ಹೋಗಿರುವ ಹೆಂಗಸಿಗೆ ಈ ಮಾತು ಹೇಳಿದರೆ ಜನ ನನ್ನನ್ನು ಏನೆಂದುಕೊಂಡಾರು? ಅವತ್ತು ಅಂಕಲ್‌ಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ಆಗ ತಿಳಿಯಿತು.

"ಆಂಟಿ, ಅಮೆರಿಕಕ್ಕೆ ಮತ್ತೆ ಬರುತ್ತಂತೆ" ಎಂದೆ.

ಮಾತುಗಳೆಲ್ಲ ನಿಂತವು. ನಾನು ನಿಲ್ಲಿಸಲಿಲ್ಲ. ಬಸ್ಸಿನಲ್ಲಿ ಬರುವಾಗ ಓದಿದೆ ಎಂದೆ. ಅಲ್ಲಿನ ಯಾವುದೋ ಮರಳುಗಾಡಿನ ರಸ್ತೆಯಲ್ಲಿ ಒಂದು ಗಾಡಿ ಕಂಡಿತಂತೆ, ಕಂಪನಿಯವರು ಹೌದೆಂದೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ ಎಂದೆ. ಹೇಳುತ್ತ ಹೇಳುತ್ತ ನನ್ನ ದನಿ ಅಂಕಲ್ ದನಿಯ ಹಾಗೆಯೇ ಆಯಿತು. ಆಂಟಿ ಕಿಟಕಿಯಾಚೆ ನೋಡುತ್ತಲೇ ಇದ್ದರು. ಮುಗಿಸಿದೆ.

"ಸ್ಟಿಕರ್ ಹಚ್ಚ್ಯಾರೇನು?" ಎಂದರು ಆಂಟಿ.

"ಹೂಂ ಆಂಟಿ. ಮೈ ತುಂಬಾ."

ಕೈ ಚಾಚಿದರು. ಫೋನು ಕೊಟ್ಟೆ. ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ತುಂಬ ಹೊತ್ತು ನೋಡಿದರು.

"ಬೆನ್ನಿಗೆ ಸ್ಟೆಪ್ನಿ ಇಲ್ಲ ಇದಕ್ಕ. ಇದು ಅದಲ್ಲ" ಎಂದರು. "ಅದು ಇನ್ನೂ ಬಂದಿಲ್ಲ."

ಎತ್ತಿದ ಕೈ ಇಳಿಸಿ ಫೋನನ್ನು ಮಡಿಲಲ್ಲಿಟ್ಟರು. ಉಸಿರು ಬಿಟ್ಟರು, ಅದರ ಹಿಂದೆಯೇ ಅಳು ಬಂತು. ಮಗ ಓಡಿಬಂದು ಹಿಡಿದುಕೊಂಡ. ಅತ್ತು ಮುಗಿದ ಮೇಲೆ ಆಂಟಿ ಚಹಾ ಕೇಳಿದರು. ನಾನು ಹೊರಡುವಾಗ ಕೈ ಹಿಡಿದು, ಮತ್ತೇನಾದರೂ ಸುದ್ದಿ ಬಂದರೆ ಹೇಳು ಎಂದರು.

ಈಗ ಪ್ರತಿ ಶನಿವಾರ ಆಂಟಿಯನ್ನು ನ್ಯೂ ಲಿನ್ನಿನ ತರಕಾರಿ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ, ಅದೇ ಗಾಡಿಯಲ್ಲಿ. ಓಡಿಸುವುದು ನಾನು, ಜಪಾನಿ ಹೆಂಗಸಿಗೆ ಹೂಂ ಎನ್ನುವುದು ಆಂಟಿ. ವಾರವೆಲ್ಲ ಹುಡುಕಿ ಇಟ್ಟ ಸುದ್ದಿಯನ್ನು ದಾರಿಯಲ್ಲಿ ಹೇಳುತ್ತೇನೆ. ಆಂಟಿ ಒಪ್ಪುವುದಿಲ್ಲ, ವಾದಿಸುತ್ತಾರೆ, ಇದು ಅದಲ್ಲ ಎನ್ನುತ್ತಾರೆ. ಗಾಡಿ ನಿಲ್ಲಿಸಿದ ಮೇಲೆ ಹಿಡಿಕೆ ಹಿಡಿದು, ತಿರುಗಿ, ಕಾಲಿನಿಂದ ನೆಲ ಹುಡುಕುತ್ತ ಹಿಮ್ಮುಖವಾಗಿ ಇಳಿಯುತ್ತಾರೆ. ಆ ಗಾಡಿ ಅಮೆರಿಕಕ್ಕೆ ಎಂದೂ ಬರದಿರಲಿ ದೇವರೇ ಎಂದು ನಾನು ಪ್ರತಿ ವಾರ ಕೇಳಿಕೊಳ್ಳುತ್ತೇನೆ.