ಬಟವಾಡೆ ಎಂದು ಬರೆದ ಕಾಗದ

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಇಂಟರ್ನೆಟ್ ಸೆಂಟರ್ ಇಟ್ಟಿದ್ದ ದತ್ತಮೂರ್ತಿ ಅದಕ್ಕೂ ಮೊದಲು ಮೂವತ್ತೊಂದು ವರ್ಷ ಬಸರೀಕಟ್ಟೆಯ ಪೋಸ್ಟ್‌ಮ್ಯಾನ್ ಆಗಿದ್ದವರು. ಅಷ್ಟು ವರ್ಷದಲ್ಲಿ ಒಂದೇ ಒಂದು ಕಾಗದ ಕಳೆದವರಲ್ಲ. ಅದರ ಜಂಬ ಸ್ವಲ್ಪ ಇತ್ತು. ಇರಲಿ ಬಿಡಿ, ರಕ್ತ ಹೀರುವ ಇಂಬಳ ಕಚ್ಚಿಸಿಕೊಂಡು ಎಸ್ಟೇಟು ಎಸ್ಟೇಟು ಅಲೆದವರಿಗೆ ಅಷ್ಟೂ ಬೇಡವೇ?

ಇ-ಮೇಲ್ ಇಲ್ಲದವರಿಗೆ ಸೆಂಟರಿನ ವಿಳಾಸದಿಂದಲೇ ಟೈಪು ಮಾಡಿ ಕಳಿಸುತ್ತಿದ್ದರು. ಹಳೇ ಚಾಳಿ ಎಲ್ಲಿ ಹೋಗಬೇಕು? ಉದ್ದದ ಪುಸ್ತಕವೊಂದರಲ್ಲಿ ಹೆಸರು, ತಾರೀಖು ಬರೆದು, ಕೊನೆಗೆ, ತಲುಪಿದ ಮೇಲೆ, ಕೆಂಪು ಶಾಯಿಯಲ್ಲಿ 'ಬಟವಾಡೆ' ಎಂದು ಬರೆಯುವರು. ಕಳಿಸಿದೆ ಅನ್ನುವ ಮಾತಿಗೆ ಅವರಲ್ಲಿ ಕಿಮ್ಮತ್ತೇ ಇರಲಿಲ್ಲ. "ಡಬ್ಬಕ್ಕೆ ಯಾರು ಬೇಕಾದ್ರೂ ಹಾಕ್ತಾರೆ ಮಾರಾಯ, ತಲುಪಬೇಕು" ಅನ್ನುವರು.

2006ರ ಜೂನಿನಲ್ಲಿ, ಬಸರೀಕಟ್ಟೆಯಲ್ಲಿ ಎಸ್ಟೇಟ್ ಕೆಲಸಕ್ಕೆ ಹೋಗುವ ಕರಿಯಕ್ಕ ಮಗಳು ನಯನಳ ಜೊತೆ ಬಂದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಹುಡುಗಿಗೆ ದೂರದ ಒಂದು ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. ಇರುವುದು, ಊಟ ಎಲ್ಲ ಅವರದೇ. ಹದಿನೈದನೇ ತಾರೀಖಿನೊಳಗೆ ಒಪ್ಪಿಗೆಯನ್ನು ಇ-ಮೇಲ್ ಮಾಡಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ.

ಅವತ್ತು ಏಳನೇ ತಾರೀಖು. ದತ್ತಮೂರ್ತಿ ಕಳಿಸಿ ಎರಡು ನಿಮಿಷ ಆಗಿರಲಿಲ್ಲ, 'ಮೇಲ್ ಡೆಲಿವರಿ' ಎಂಬ ಹೆಸರಿನಲ್ಲಿ ಒಂದು ಪತ್ರ ಬಂತು. ರಿಜಿಸ್ಟರ್ ಕಾಗದ ಮುಟ್ಟಿದ ಮೇಲೆ ಸಹಿ ಹೊತ್ತು ಕಾರ್ಡು ಬರುವುದಿಲ್ಲವೇ, ಹಾಗೆ. ಒಂದು ತಿಂಗಳಿಂದ ಇಂಥವು ಬರತೊಡಗಿದ್ದವು. ಹೊಸ ಸೌಲಭ್ಯ ಎಂದುಕೊಂಡಿದ್ದರು.

"ಡೆಲಿವರಿ ಆಯ್ತು ನೋಡಿ ಕರಿಯಕ್ಕ" ಎಂದು ಪುಸ್ತಕದಲ್ಲಿ ಬಟವಾಡೆ ಬರೆದರು. ತಾಯಿ ಮಗಳು ನೆಮ್ಮದಿಯಾಗಿ ಬಸ್ಸು ಹತ್ತಿದರು.

ಹತ್ತೊಂಬತ್ತು ಬಂದರೂ ಆಸ್ಪತ್ರೆಯಿಂದ ಮಾತಿಲ್ಲ. ದತ್ತಮೂರ್ತಿ ತಾವೇ ಫೋನ್ ಮಾಡಿದರು. ಅಲ್ಲಿಯ ಗುಮಾಸ್ತರು ಹುಡುಕಿ ನೋಡಿ, ಆ ಹುಡುಗಿಯ ಮೇಲ್ ಬಂದೇ ಇಲ್ಲ, ಸೀಟು ಬೇರೆಯವರಿಗೆ ಹೋಯಿತು ಎಂದರು.

"ತಲುಪಿದ್ದಕ್ಕೆ ಕಾರ್ಡು ಬಂದಿದೆ ನಂಗೆ" ಎಂದು ಇವರು ಏರುದನಿಯಲ್ಲೇ ಹೇಳಿದರು.

"ಅದನ್ನ ಒಂದ್ಸಲ ಓದಿ ಸಾರ್."

ಓದಿದರು. ಕಾಗದ ಮುಟ್ಟಿಲ್ಲ ಎಂದೇ ಅದರಲ್ಲಿತ್ತು, ಕಾರಣದ ಸಮೇತ. ಸೆಂಟರಿನ ಯಾವುದೋ ಕಂಪ್ಯೂಟರಿಗೆ ವೈರಸ್ ಹೊಕ್ಕು, ಇವರಿಗೇ ಗೊತ್ತಿಲ್ಲದಂತೆ ಕಂಡಕಂಡವರಿಗೆಲ್ಲ ಕಸದ ಮೇಲ್ ಕಳಿಸುತ್ತಿತ್ತಂತೆ. ಹಾಗಾಗಿ ಇವರ ಇಂಟರ್ನೆಟ್ ನಂಬರು ಕಪ್ಪುಪಟ್ಟಿಗೆ ಸೇರಿತ್ತು. ಆ ಪಟ್ಟಿ ನೋಡಿ ಮೇಲ್ ಒಳಗೆ ಬಿಡುವ ಆಸ್ಪತ್ರೆಯಂಥವರು ಈ ಸೆಂಟರಿನಿಂದ ಹೊರಟ ಕಾಗದವನ್ನು ಬಾಗಿಲಿನಿಂದಲೇ ಹಿಂದಕ್ಕೆ ಅಟ್ಟುತ್ತಿದ್ದರು. ವೈರಸ್ಸಿಗೆ ಇವರೇನು ಮಾಡಿಯಾರು, ಪಾಪ. ಆದರೆ ಹಿಂದೆ ಬಂದ ಕಾಗದಕ್ಕೆ ಬಟವಾಡೆ ಎಂದು ಬರೆದ ಕೈ ಇವರದೇ. ಹುಡುಕಿದರೆ ಪುಸ್ತಕದಲ್ಲಿ ಅಂಥವು ಇನ್ನೂ ಏಳು ಇದ್ದವು.

ಕರಿಯಕ್ಕನಿಗೆ ಎಸ್ಟೇಟಿನ ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆ ಪತ್ರವನ್ನು ಪ್ರಿಂಟ್ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡು ಬಸರೀಕಟ್ಟೆ ಬಸ್ಸು ಹತ್ತಿದರು.

ಎಸ್ಟೇಟಿನ ಕೆಲಸದವರ ಲೈನ್ ಮನೆಯ ಬಾಗಿಲಲ್ಲಿದ್ದ ಕರಿಯಕ್ಕ ಇವರನ್ನು ಕಂಡವರೇ ಸೆರಗಿಗೆ ಕೈ ಒರೆಸಿ ಮುಂದೆ ಚಾಚಿದರು. ಮೂವತ್ತು ವರ್ಷದ ಅಭ್ಯಾಸ.

"ಬಂತಾ ಅಯ್ಯಾ? ನಾ ಹೇಳ್ತಾನೇ ಇದ್ದೆ ಇವ್ಳಿಗೆ. ಪೋಸ್ಟಿನ ಅಯ್ಯನ ಕೈಗೆ ಕೊಟ್ಟಿದ್ದು ಹಾಳಾಗಲ್ಲ, ಸುಮ್ನಿರು ಅಂತ."

ದತ್ತಮೂರ್ತಿ ಜೇಬಿನಿಂದ ಪ್ರಿಂಟ್ ತೆಗೆದರು. ಕಾಗದವನ್ನು ನಯನಳ ಕೈಗೆ ಕೊಟ್ಟರು. ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ ಆ ಇಂಗ್ಲಿಷಿನ ಮೊದಲ ಸಾಲನ್ನು ಬೆರಳಿಟ್ಟು, ಒಂದೊಂದೇ ಪದ ಕೂಡಿಸಿ ಓದಿದಳು. ಮೇಲಿದ್ದ ತಾರೀಖನ್ನೂ ನೋಡಿದಳು. ಏಳು.

"ಹೋಗಿಲ್ಲ ಅಂತ ಅವತ್ತೇ ಬರ್ದಿದಾರಲ್ಲ ಅಯ್ಯಾ."

"ಹೌದು ಕೂಸೇ" ಎಂದರು ದತ್ತಮೂರ್ತಿ. "ನಾನು ಓದಲಿಲ್ಲ."