ಗೀರು ಬಿದ್ದ ಪ್ಲೇಟು

ಬಾಗಲಕೋಟೆಯಲ್ಲಿರುವ ನನ್ನ ಮಗಳು ಹೋದ ತಿಂಗಳು ಹೊಸ ರಿಕಾರ್ಡ್ ಪ್ಲೇಯರ್ ಕೊಂಡಳು. ಈಗ ಮತ್ತೆ ಜನಕ್ಕೆ ಅದರ ಹುಚ್ಚು ಹತ್ತಿದೆಯಂತೆ.

"ಅಪ್ಪಾ, ಅಟ್ಟದ ಮ್ಯಾಲಿನ ನಿನ್ನ ಹಾಡಿನ ಪ್ಲೇಟು ಕೊಡು. ಮೊಬೈಲ್‌ದಾಗ ಕೇಳಿದ್ರ ಕೇಳಿದಂಗ ಆಗೂದಿಲ್ಲ. ಇದರಾಗ ಚರಚರ ಸಪ್ಪಳ ಬರ್ತೈತಲ್ಲ, ಅದ ಚಂದ" ಎಂದಳು.

ಆ ಸಪ್ಪಳ ಕೇಳಿದರೆ ನನಗೆ ಕಸಿವಿಸಿಯಾಗುತ್ತದೆ. ಯಾಕೆಂದು ಅವಳಿಗೆ ಹೇಳಲಿಲ್ಲ.

ಮೆಟ್ರಿಕ್ ಮುಗಿಸಿದ ಮೇಲೆ ನಾನು ಹುನಗುಂದದಲ್ಲಿ ಮೈಕ್ ಸೆಟ್ ಇಟ್ಟಿದ್ದೆ. ಮೊದಮೊದಲು ಬಂದ ಪ್ಲೇಟುಗಳು ಭಾರ, ಕೈಜಾರಿದರೆ ಬಳೆಯಂತೆ ಒಡೆಯುತ್ತಿದ್ದವು. ಆಮೇಲಿನವು ಒಡೆಯುತ್ತಿರಲಿಲ್ಲ, ಬಿಸಿಲಿಗಿಟ್ಟರೆ ರೊಟ್ಟಿಯಂತೆ ಡೊಂಕಾಗುತ್ತಿದ್ದವು. ಕ್ಯಾಸೆಟ್ ಬರುವವರೆಗೂ ಮದುವೆಯೆಂದರೆ ಪ್ಲೇಟು ಹಚ್ಚಲೇಬೇಕು. ಅದರಲ್ಲೂ ಹೆಣ್ಣೊಪ್ಪಿಸುವಾಗಿನ ಒಂದು ಹಾಡನ್ನು ಎಲ್ಲರೂ ಕೇಳಿ ಹಚ್ಚಿಸುತ್ತಿದ್ದರು. ಊಟದ ಪಂಕ್ತಿಯಲ್ಲಿ ಜಗಳಾಡಿದ ಗಂಡಸರೂ ಅದಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಹಚ್ಚಿ ಹಚ್ಚಿ ಆ ಪ್ಲೇಟಿಗೆ ಗೀರು ಬಿದ್ದಿತ್ತು, ಮಗಳಿಗೆ 'ಹೋಗಿ ಬಾ' ಎನ್ನುವ ಕಡೆಯೇ. 'ಹೋಗಿ' ಎಂದೊಡನೆ ಮುಳ್ಳು ಹಿಂದಕ್ಕೆ ಜಿಗಿಯುತ್ತಿತ್ತು. ನಮ್ಮ ಕಡೆ ಹೊರಟವರಿಗೆ ಬರಿದೇ 'ಹೋಗು' ಎನ್ನುವುದಿಲ್ಲ, ಅದು ಅಪಶಕುನ. ಹಾಗಾಗಿ ಮುಳ್ಳಿನ ತೋಳಿನ ಮೇಲೊಂದು ನಾಣ್ಯವಿಟ್ಟು, ಆ ಜಾಗ ಬಂದಾಗ ಬೆರಳಿನಿಂದ ಮೆಲ್ಲಗೆ ದೂಡಲು ಪಕ್ಕದಲ್ಲೇ ನಿಂತಿರುತ್ತಿದ್ದೆ.

ನನ್ನ ತಂಗಿಯ ಮದುವೆಯಲ್ಲಿ ನಿಲ್ಲಲಿಲ್ಲ. ಪ್ಲೇಟು ಹಚ್ಚಿ ಗೆಳೆಯರೊಂದಿಗೆ ಬೀಡಾ ಅಂಗಡಿಗೆ ಹೋದೆ. ಓಣಿಯ ತುಂಬ ಮೈಕು 'ಹೋಗಿ, ಹೋಗಿ' ಎಂದು ಕೂಗತೊಡಗಿತು. ಹರಟೆಯ ಭರದಲ್ಲಿ ಅದು ನನ್ನ ಕಿವಿಗೆ ಬಿದ್ದು, ಓಡಿ ಬರುವಷ್ಟರಲ್ಲಿ ಇಳಕಲ್ಲಿನ ಬೀಗರ ಜೀಪು ತಂಗಿಯನ್ನು ಕರೆದುಕೊಂಡು ಹೊರಟಾಗಿತ್ತು.

"ನಿಮ್ಮ ಮನಿ ಮೈಕ ಹೋಗು ಅಂತು, ಬಾ ಅನ್ನಲಿಲ್ಲ. ಇನ್ನ ತವರಿಗೆ ಹೆಂಗ ಕಳಸೂದ್ರಿ?" ಎಂದು ಅವಳ ಅತ್ತೆ ನಮ್ಮವ್ವನಿಗೆ ಹೇಳಿ ಜೀಪು ಹತ್ತಿದ್ದರಂತೆ. ಕರೆಂಟು ಏರಿಳಿದು ಮುಳ್ಳು ಜಿಗಿಯಿತೆಂದು ನಾನು ಎಲ್ಲರಿಗೂ ಸುಳ್ಳು ಹೇಳಿದೆ.

ಆ ವರ್ಷದ ನಾಗರ ಪಂಚಮಿಗೆ ತಂಗಿ ತವರಿಗೆ ಬರಲಿಲ್ಲ. ಅವ್ವ ಅವಳಿಗೆಂದು ಕಟ್ಟಿದ ಉಂಡಿ ಡಬ್ಬಿಯಲ್ಲೇ ಕಮಟಾದವು. ಮರುವರ್ಷ, "ನೀ ಹೋಗಿ ಕರಕೊಂಡು ಬಾರೋ" ಎಂದು ನನಗೆ ಹೇಳಿ ಹೇಳಿ ಸಾಕಾದಳು. ಅವಳ ಅತ್ತೆಯ ಮುಂದೆ ನಿಂತರೆ ಸುಳ್ಳು ಹೊರಬೀಳುತ್ತದೆಂದು ನಾನು ಹೋಗಲಿಲ್ಲ. ಆಮೇಲೆ ಹೋಗದಿರುವುದೇ ರೂಢಿಯಾಯಿತು. ನೆಂಟರ ಮದುವೆಯಲ್ಲಿ, ಸತ್ತವರ ಮಣ್ಣಿನಲ್ಲಿ ಕಂಡು ಮಾತಾಡಿದ್ದಷ್ಟೆ.

ಮಗಳು ಪ್ಲೇಟು ಕೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ಕಳೆದ ವಾರ ಇಳಕಲ್ಲಿನ ಬಸ್ಸು ಹತ್ತಿದೆ. ತಂಗಿ ಪಡಸಾಲೆಯಲ್ಲಿ ಕುಳಿತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

"ಏನೋ ಅಣ್ಣಾ, ದಾರಿ ತಪ್ಪಿ ಬಂದ್ಯೇನ?"

"ಅವತ್ತ ಕರೆಂಟಿಂದೇನೂ ತಪ್ಪಿದ್ದಿಲ್ಲ, ತಂಗಿ. ನಾನ ಬೀಡಾ ಅಂಗಡಿಗೆ ಹೋಗಿದ್ದೆ."

ಅವಳು ನಕ್ಕಳು. "ಗೊತ್ತೈತಿ. ಜೀಪಿನ್ಯಾಗಿಂದ ನೋಡೇನಿ. ಅಂಗಡಿ ಮುಂದ ಬಾಯಿ ಕೆಂಪಗ ಮಾಡ್ಕೊಂಡು ಹಲ್ಲು ಕಿಸದು ನಿಂತಿದ್ದಿ."

"ಮತ್ತ ಯಾರಿಗೂ ಯಾಕ ಹೇಳಲಿಲ್ಲ?"

"ಹೇಳಿ ಏನ್ ಮಾಡ್ಲಿ? ಅತ್ತಿ ಸಿಟ್ಟು ಒಂದ ವರ್ಷದ್ದು. ಮುಂದಿನ ಪಂಚಮಿಗೆ ಅವರ ಅಂದ್ರು, ಅಣ್ಣ ಕರಿಯಾಕ ಬಂದ್ರ ಕಳಸ್ತೇನಿ ಅಂತ. ಸೀರಿ ಮಡಚಿ ಇಟ್ಕೊಂಡು ಕುಂತಿದ್ನಿ. ಪ್ಲೇಟಿಗಿ ಗೀರು ಬಿದ್ದಿತ್ತು, ಖರೆ. ನಿನ್ನ ಬಾಯಿಗೇನಾಗಿತ್ತೋ?"

ಈ ಪಂಚಮಿಗಾದರೂ ಬಾ ಎಂದೆ.

"ಅವ್ವ ಇಲ್ಲದ ಮನಿಗೇನ ಬರ್ಲಿ? ಮೊಣಕಾಲು ಬ್ಯಾರೆ ಒಲ್ಲೆ ಅಂತಾವ. ಚಾ ಆರತೈತಿ, ಕುಡಿ" ಎಂದು ನೂಲಿಗೆ ಕೈಹಾಕಿದಳು.

ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ. ಪಂಚಮಿಯ ಹಿಂದಿನ ದಿನ ಅವಳನ್ನು ಕರೆಯಲು ಇಳಕಲ್ಲಿಗೆ ಹೋಗುತ್ತೇನೆ. ಬರಲೊಲ್ಲೆ ಎಂದರೆ ಅವಳ ಪಡಸಾಲೆಯಲ್ಲೇ ಕುಳಿತು ಬರುತ್ತೇನೆ.