ಸೆರಗು ಜೋಡಿಸುವ ದಿನ

ಇಪ್ಪತ್ತು ವರ್ಷದ ಹಿಂದೆ ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಕಾಕು ಸೀರೆಯ ಮೈಯ ಹತ್ತಿ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಿದ್ದಳು. ಬಾಯಲ್ಲಿ ಸದಾ ಒಂದೇ ಮಾತು: “ಅಂಜಬ್ಯಾಡೋ ತಮ್ಮಾ, ಏನಾಗೂದಿಲ್ಲ.” ತಲೆನೋವು ಬಂದರೆ ಗಡ್ಡೆಯೇ ಎಂದು ನಂಬುವ ನನಗೆ ಅದನ್ನು ದಿನಕ್ಕೆ ನಾಲ್ಕು ಸಲ ಹೇಳಬೇಕಾಗುತ್ತಿತ್ತು.

ಗಡ್ಡೆ ಬಂದದ್ದು ಮಾತ್ರ ಆಕೆಯ ಎದೆಗೆ. ಆಪರೇಷನ್ ಆದ ಮೇಲೆ ಬಾಗಲಕೋಟೆಯ ಡಾಕ್ಟರು ನನ್ನೆದುರೇ ಹೇಳಿದರು: “ನಿಮ್ಮ ಮೈಯಾಗಿನ ಹಾರ್ಮೋನೇ ಈ ಕ್ಯಾನ್ಸರಿಗೆ ಮೇವು. ಅಳಿದುಳಿದದ್ದು ಅದನ್ನ ತಿಂದು ಎಲುಬಿಗೆ ಹಬ್ಬಬಹುದು. ಈ ಗುಳಿಗಿ ಮೇವು ಸಿಗದಂಗ ಮಾಡ್ತದ. ಐದು ವರ್ಷ ಒಂದಿನಾನೂ ಬಿಡಬ್ಯಾಡ್ರಿ.”

ಗುಳಿಗೆಯಿಂದ ಆಕೆಗೆ ಮೈಯೆಲ್ಲ ಕಾದು ಬೆವರು ಇಳಿಯತೊಡಗಿತು. ಎರಡು ವರ್ಷದ ಮೇಲೆ ಒಂದು ದಿನ ಗೋಡೆಯ ಗೂಡಿನಲ್ಲಿ ನುಂಗದೆ ಉಳಿಸಿದ ಗುಳಿಗೆಗಳು ಕಂಡವು.

“ಕಾಕೂ, ಇವೆಲ್ಲಾ ಯಾಕ ಉಳದಾವು?”

“ಸೆರಗು ಜೋಡಸೂ ದಿನ ತಗೋಳೂದಿಲ್ಲೋ. ರೇಷ್ಮಿ ಮ್ಯಾಲೆ ಬೆವರು ಬಿದ್ರ ಕಲಿ ಹೋಗೂದಿಲ್ಲ.”

“ನಿನ್ನ ಜೀವಾ ಹೋದ್ರ?”

“ಜೀವಾ ಹೋದ್ರ ನೀ ಒಬ್ಬಾವ ಅಳ್ತಿ. ಸೆರಗು ಕೆಟ್ರ ಸೀರಿ ಉಡಾಕಿ ಅಳ್ತಾಳ!”

ಆಕೆ ನಕ್ಕಳು, ನಾನೂ ನಕ್ಕೆ. ಬದುಕಿನಲ್ಲಿ ನಾನು ಹೆದರದೆ ಕಳೆದ ದಿನ ಅದೊಂದೇ ಇರಬೇಕು.

ಮುಂದಿನ ವರ್ಷ ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬಿತು. ಗುಳಿಗೆ ಬಿಟ್ಟದ್ದಕ್ಕೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕಾಕು ಹೋದಳು.

ಆ ವರ್ಷಗಳಲ್ಲಿ ಆಕೆ ಜೋಡಿಸಿದ ಒಂದು ಸೀರೆ ನನ್ನ ಹೆಂಡತಿಯ ಬಳಿ ಇದೆ. ಅವಳು ಮನೆಯಲ್ಲಿಲ್ಲದಾಗ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕುತ್ತೇನೆ. ಬೆವರಿನ ಒಂದು ಕಲೆಯಾದರೂ ಸಿಕ್ಕರೆ, ಆ ದಿನ ಗುಳಿಗೆ ನುಂಗಿದ್ದಳೆಂದು ನಂಬಿಕೊಳ್ಳಬಹುದು.